ಬ್ಯಾಂಕ್ ಯಾರದ್ದಾದರೇನು, ಶನಿವಾರ ದುಡ್ಡು ಸಿಗುತ್ತಾ?

ಸಂಪಾದಕರೇ,

ಬ್ಯಾಂಕ್‌ಗಳು ಸರ್ಕಾರದ ಕೈಲಿರಬೇಕಾ, ಖಾಸಗಿಯವರ ಕೈಲಾ ಅಂತ ನಮ್ಮಲ್ಲಿ ಮಾತು ಶುರುವಾದರೆ ಅದು 1969ರ ಜುಲೈ 19ಕ್ಕೆ ಹೋಗಿ ನಿಲ್ಲುತ್ತದೆ. ಅವತ್ತು ಇಂದಿರಾ ಗಾಂಧಿ ರಾಷ್ಟ್ರೀಕರಣ ಮಾಡಿದ 14 ಬ್ಯಾಂಕ್‌ಗಳಲ್ಲಿ ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ಮಾಲೀಕರಿಗೆ ಪರಿಹಾರ ಸರಿಯಿಲ್ಲ ಅಂತ 1970ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು, ನಾಲ್ಕೇ ದಿನಕ್ಕೆ ಇನ್ನೊಂದು ಸುಗ್ರೀವಾಜ್ಞೆ ಬಂತು. ಇದು ಹಳೇ ಕಥೆ. ನಾನು ಬರೆಯಲು ಕೂತಿದ್ದು ಉಕ್ರೇನ್ ವಿಷಯಕ್ಕೆ.

ಅಲ್ಲಿ ಆಲ್ಫಾ ಬ್ಯಾಂಕ್ ಅಂತ ಒಂದು ದೊಡ್ಡ ಖಾಸಗಿ ಬ್ಯಾಂಕ್ ಇತ್ತು. ಮಾಲೀಕರಲ್ಲಿ ಮುಖ್ಯವಾದವರು ಮಿಖಾಯಿಲ್ ಫ್ರಿಡ್‌ಮನ್, ಪ್ಯೋತ್ರ್ ಆವೆನ್ ಎಂಬ ರಷ್ಯಾದ ಶ್ರೀಮಂತರು. ಯುದ್ಧ ಶುರುವಾದ ಮೇಲೆ ಆ ಹೆಸರು ಹೇಳಿಕೊಳ್ಳೋಕೇ ಆಗದೆ 2022ರ ಕೊನೆಗೆ ಸೆನ್ಸ್ ಬ್ಯಾಂಕ್ ಅಂತ ಬೋರ್ಡು ಬದಲಾಯಿಸಿದರು. ಬೋರ್ಡು ಬದಲಾದರೆ ಮಾಲೀಕ ಬದಲಾಗ್ತಾನಾ? ಅವರ ಮೇಲೆ ಅಲ್ಲಿನ ಸರ್ಕಾರದ ನಿರ್ಬಂಧವೂ ಬಿದ್ದಿತ್ತು. 2023ರ ಜುಲೈ 20ರಂದು ಅಲ್ಲಿನ ಕೇಂದ್ರ ಬ್ಯಾಂಕ್ ತೀರ್ಮಾನ ತೆಗೆದುಕೊಂಡಿತು, 22ಕ್ಕೆಲ್ಲ ಬ್ಯಾಂಕ್ ಹಣಕಾಸು ಸಚಿವಾಲಯದ ಕೈಗೆ ಬಂತು. ಕೊಟ್ಟ ಬೆಲೆ 1 ಹ್ರಿವ್ನಿಯಾ. ನಮ್ಮ ದುಡ್ಡಲ್ಲಿ ಎರಡು ರೂಪಾಯಿ ಚಿಲ್ಲರೆ, ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ಬರುತ್ತದೆ! ಇದು ನ್ಯಾಯವಾ ಅಂತ ಹಳೇ ಮಾಲೀಕರ ಕಂಪನಿ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಿದೆ. ಅದನ್ನು ಅವರು ಬಗೆಹರಿಸಿಕೊಳ್ಳಲಿ.

ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಮೇಲೆ ಬಾಂಬು ಬೀಳುತ್ತಿರುವ ದೇಶದಲ್ಲಿ ಇಷ್ಟು ದೊಡ್ಡ ಬ್ಯಾಂಕ್ ಕೈ ಬದಲಾಯಿತು, ಆದರೆ ಶಾಖೆಗಳು ಎಂದಿನಂತೆ ತೆರೆದೇ ಇದ್ದವು, ಕಾರ್ಡುಗಳೂ ನಡೆದವು. 2022ರಲ್ಲೇ ಅಲ್ಲಿ ಕಾನೂನು ಮಾಡಿಕೊಂಡಿದ್ದರು: ಯುದ್ಧ ನಡೆಯುವಷ್ಟು ದಿನ, ಆಮೇಲೆ ಇನ್ನೂ ಮೂರು ತಿಂಗಳು, ಜನಸಾಮಾನ್ಯರ ಠೇವಣಿಗೆ ಪೂರ್ತಿ ಖಾತ್ರಿ. ಇಷ್ಟೇ ಅಂತ ಮಿತಿ ಇಲ್ಲ. 2016ರ ಡಿಸೆಂಬರ್‌ನಲ್ಲಿ, ಪೂರ್ವದ ಡಾನ್‌ಬಾಸ್‌ನಲ್ಲಿ ಕಾದಾಟ ನಡೆಯುವಾಗಲೇ, ಪ್ರಿವಾಟ್‌ಬ್ಯಾಂಕ್ ಅನ್ನೋ ಅವರ ಅತಿ ದೊಡ್ಡ ಬ್ಯಾಂಕನ್ನೂ ಹೀಗೇ ತೆಗೆದುಕೊಂಡಿದ್ದರು. ಅದರಲ್ಲಿ ಸುಮಾರು 550 ಕೋಟಿ ಡಾಲರ್ ತೂತು ಬಿದ್ದಿತ್ತು, ತುಂಬಿದ್ದು ಸರ್ಕಾರ, ಅಂದರೆ ಜನರೇ. ಹಾಗಾಗಿ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ.

ಈಗ ನಮ್ಮೂರಿಗೆ ಬನ್ನಿ. ಸಕಲೇಶಪುರದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಕೆಲವು ವರ್ಷದ ಹಿಂದೆ ನಮ್ಮ ಅತ್ತಿಗೆ ಚೆರಿ ಮಾರಿದ ದುಡ್ಡನ್ನು, ಬಡ್ಡಿ ಸ್ವಲ್ಪ ಜಾಸ್ತಿ ಅಂತ, ಹತ್ತಿರದ ಒಂದು ಸೌಹಾರ್ದ ಸಹಕಾರಿಯಲ್ಲಿ ಇಟ್ಟಿದ್ದರು. ಒಂದು ಶನಿವಾರ ಆಳುಗಳ ಬಟವಾಡೆಗೆ ದುಡ್ಡು ತರಲು ಇಬ್ಬರೂ ಹೋದೆವು. ಶಟರ್ ಅರ್ಧ ಎಳೆದಿತ್ತು. ನೋಟ್‌ಬುಕ್ಕಿನ ಹಾಳೆಯಲ್ಲಿ ಸ್ಕೆಚ್ ಪೆನ್ನಿಂದ ‘ಸರ್ವರ್ ಸರಿ ಇಲ್ಲ, ಸೋಮವಾರ ಬನ್ನಿ’ ಅಂತ ಬರೆದು ಅಂಟಿಸಿದ್ದರು. ಅತ್ತಿಗೆ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದರು, ಒಂದು ಸಲ ನೋಡಿದರು, ಮತ್ತೆ ಒಳಗಿಟ್ಟರು. ಅವತ್ತು ಬಟವಾಡೆಗೆ ಅಂಗಡಿಯವರ ಹತ್ತಿರ ಕೈಗಡ ತಂದೆವು. ಎಷ್ಟೋ ಸೋಮವಾರ ಬಂದು ಹೋದವು. ಕಂತಿನಲ್ಲಿ ಸ್ವಲ್ಪ ಬಂದಿದೆ, ಉಳಿದದ್ದು ಇನ್ನೂ ಬರಬೇಕು.

ಆಗಲೇ ನನಗೆ ಗೊತ್ತಾಗಿದ್ದು, ಇಂಥ ಸಹಕಾರಿಗಳ ಠೇವಣಿಗೆ ವಿಮೆಯೇ ಇಲ್ಲ ಅಂತ. ಬ್ಯಾಂಕ್‌ಗಳಿಗಾದರೆ ಇದೆ. 2020ರ ಫೆಬ್ರವರಿಯಿಂದ 5 ಲಕ್ಷ, ಅದಕ್ಕೆ ಮುಂಚೆ 1993ರಿಂದ ಬರೀ 1 ಲಕ್ಷ ಇತ್ತು. 5 ಲಕ್ಷ ಅಂದರೆ ಅಸಲು ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ. ಠೇವಣಿ ವಿಮೆ ಕಾನೂನಿನ 2021ರ ತಿದ್ದುಪಡಿ ಪ್ರಕಾರ, ದುಡ್ಡು ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದರೆ ಆ ವಿಮೆ ದುಡ್ಡು 90 ದಿನದಲ್ಲಿ ಸಿಗಬೇಕು. ಸಂಬಳದವರಿಗೆ ಸಾಕಾಗಬಹುದು. ಆದರೆ ಬೆಳೆಗಾರನ ವರ್ಷದ ದುಡಿಮೆ ಕೊಯ್ಲು ಮುಗಿದು ಮಾರಿದಾಗ ಒಂದೇ ಗಂಟಾಗಿ ಬರುತ್ತದೆ, ಅದರಲ್ಲೇ ಮುಂದಿನ ಬೆಳೆಯ ಗೊಬ್ಬರ, ಕೂಲಿ, ಮಕ್ಕಳ ಫೀಸು ಎಲ್ಲ ನಡೆಯಬೇಕು. ಅದು 5 ಲಕ್ಷ ದಾಟಿರುವ ತಿಂಗಳಲ್ಲೇ ಬ್ಯಾಂಕ್ ಮುಗ್ಗರಿಸಿದರೆ? 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ವಿಷಯದಲ್ಲಿ ನೋಡಿದೆವಲ್ಲ. ಬೇರೆ ಬ್ಯಾಂಕ್‌ಗಳನ್ನು ಸೇರಿಸಿ ಅದನ್ನು ಉಳಿಸಿಕೊಂಡರು, ನಿಜ, ಆದರೂ 13 ದಿನ 50 ಸಾವಿರಕ್ಕಿಂತ ಹೆಚ್ಚು ತೆಗೆಯಲು ಬಿಡಲಿಲ್ಲ. ಆಗ ನಮ್ಮಲ್ಲಿ ಯುದ್ಧವೇನೂ ಇರಲಿಲ್ಲ, ಅಲ್ವಾ?

ಉಕ್ರೇನಿನಷ್ಟು ಪೂರ್ತಿ ಖಾತ್ರಿ ಕೇಳುವುದು ಜಾಸ್ತಿ ಆದೀತು, ಒಪ್ಪಿಕೊಳ್ಳುತ್ತೇನೆ. ಬೆಳೆ ಮಾರಿದ ದುಡ್ಡಿಗೆ ಆರು ತಿಂಗಳ ಮಟ್ಟಿಗಾದರೂ ಹೆಚ್ಚಿನ ವಿಮೆ ಕೊಡಬಹುದು. ವಿಮೆ ಇಲ್ಲದ ಸಹಕಾರಿಗಳ ಬಾಗಿಲಲ್ಲಿ ‘ಇಲ್ಲಿನ ಠೇವಣಿಗೆ ವಿಮೆ ಇಲ್ಲ’ ಅಂತ ಒಂದು ಬೋರ್ಡು ಹಾಕಿಸಬಹುದು. ಅದೂ ಕನ್ನಡದಲ್ಲಿ, ಬಡ್ಡಿ ದರ ಬರೆದಷ್ಟೇ ದಪ್ಪ ಅಕ್ಷರದಲ್ಲಿ.

— ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ