ಪುರವಣಿ ಬಿಟ್ಟ ಮೂರು ಮಾತು

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಪಾನ್, ಕೊರಿಯಾದ ಹೆಂಗಸರು ವಿಟಮಿನ್ ಎ ಕ್ರೀಮ್ ಹಚ್ಚಿ ಪ್ರಾಯ ಮರೆಸುತ್ತಾರೆಂದು ಬಂದಿತ್ತು. ಓದುತ್ತಿದ್ದಂತೆ ನನ್ನ ಕೆನ್ನೆ ಮತ್ತೆ ಉರಿದ ಹಾಗಾಯಿತು.

ನಾನು ವಿಜ್ಞಾನದ ಟೀಚರ್ ಆಗಿ ನಿವೃತ್ತಳಾದವಳು. ವಿಟಮಿನ್ ಎ ಕಡಿಮೆಯಾದರೆ ಇರುಳುಗುರುಡು ಎಂದು ವರ್ಷವರ್ಷವೂ ಬೋರ್ಡಿನಲ್ಲಿ ಬರೆದಿದ್ದೇನೆ. ಅಂಗಳದಲ್ಲಿ ಅಡಕೆ ಹರವಿ, ಹೆಕ್ಕಿ ಎರಡೂ ಕೆನ್ನೆಗೆ ಬಂಗು ಬಂತು. ಕಳೆದ ವರ್ಷ ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಚೀಟಿ ಕೇಳದೆ ಟ್ಯೂಬು ಕೊಟ್ಟರು. ಮೂರು ವಾರದಲ್ಲಿ ಮುಖ ಬೆಳಗಿತು, ನೆರೆಮನೆಯವಳು ಹೆಸರು ಬರೆದುಕೊಂಡು ಹೋದಳು. ಮೂರು ತಿಂಗಳಾಗುವಾಗ ಬಿಸಿಲಿಗೆ ಇಳಿದರೆ ಮೆಣಸಿನ ಹುಡಿ ಎರಚಿದ ಹಾಗೆ. ಹಚ್ಚುವುದು ಬಿಟ್ಟರೆ ಇನ್ನಷ್ಟು ಕೆಂಪು. ಮಂಗಳೂರಿನ ಚರ್ಮವೈದ್ಯರು ಟ್ಯೂಬನ್ನೂ ಭೂತಗನ್ನಡಿಯನ್ನೂ ನನ್ನ ಕೈಗೇ ಕೊಟ್ಟು ಓದಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲಿನದು ಕಲೆ ತಿಳಿ ಮಾಡುವ ಮದ್ದು, ಎರಡನೆಯದು ವಿಟಮಿನ್ ಎ ಜಾತಿಯ ಪ್ರಬಲ ಮದ್ದು, ಕೊನೆಯದು ಸ್ಟೆರಾಯ್ಡ್. ಉಳಿದೆರಡರ ಉರಿಯನ್ನು ಅದು ಅಡಗಿಸಿಡುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರಕಾರ ಆದೇಶಿಸಿದೆಯಂತೆ. ಟ್ಯೂಬಿನ ಮೇಲೂ ಹಾಗೆಂದೇ ಇತ್ತು, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ನಮ್ಮ ಮಂಜೇಶ್ವರ ತಾಲೂಕಿನಲ್ಲಿ ಅದನ್ನು ಯಾರು ಓದುತ್ತಾರೆ? ನಾನೇ ಓದಲಿಲ್ಲ!

ವಿಟಮಿನ್ ಎ ಸುಳ್ಳೆನ್ನುತ್ತಿಲ್ಲ. ಪೂರ್ವ ಏಷ್ಯಾದವರಲ್ಲಿ, ನಮ್ಮಲ್ಲಿಯ ಹಾಗೆಯೇ, ಪ್ರಾಯ ಸುಕ್ಕಿಗಿಂತ ಮೊದಲು ಕಪ್ಪು ಕಲೆಯಾಗಿ ಕಾಣುತ್ತದೆ. ಚೀನೀ, ಜಪಾನೀ ಜನರಿಗೆ ಶೇ. 0.1ರ ಟ್ರೆಟಿನಾಯಿನ್ ಕೊಟ್ಟು ಮಾಡಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಗಿದೆ. ಶೇ. 90 ಮಂದಿಯಲ್ಲಿ ಬಿಸಿಲಿನ ಕಲೆ ತಿಳಿಯಾಯಿತು, ಮದ್ದಿಲ್ಲದ ಬರೀ ಕ್ರೀಮ್ ಹಚ್ಚಿದವರಲ್ಲಿ ಶೇ. 33. ಆದರೆ ಅದಕ್ಕೆ ಹಿಡಿದದ್ದು 40 ವಾರ. ಅಲ್ಲೂ ಹಲವರ ಮುಖ ಕೆಂಪಾಗಿ ಸಿಪ್ಪೆ ಎದ್ದಿತ್ತು. ಇನ್ನು ಜಪಾನಿನಲ್ಲಿ ಸುಕ್ಕಿಗೆಂದು 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು ರೆಟಿನಾಲ್‌ಗೆ. ಅದೂ ವಿಟಮಿನ್ ಎಯೇ, ಆದರೆ ಟ್ರೆಟಿನಾಯಿನ್‌ಗಿಂತ ಎಷ್ಟೋ ಸೌಮ್ಯ. ನಿಮ್ಮ ಬರಹದಲ್ಲಿ ಎರಡೂ ಒಂದೇ ಆಗಿಹೋಗಿದೆ.

ಈಗ ನಾನು ಹಚ್ಚುವುದು ಬರೀ ಟ್ರೆಟಿನಾಯಿನ್, ವೈದ್ಯರೇ ಬರೆದುಕೊಟ್ಟದ್ದು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಎರಡು ದಿನಕ್ಕೊಮ್ಮೆ, ರಾತ್ರಿ ಮಾತ್ರ. ಹಗಲಿಗೆ ಸನ್‌ಸ್ಕ್ರೀನ್, ಅದರ ಮೇಲೆ ಅಡಕೆ ಹಾಳೆಯ ಟೊಪ್ಪಿ, ನಮ್ಮ ಮುಟ್ಟಾಳೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ಮುಂದಿನ ಪುರವಣಿಯಲ್ಲಿ ಮೂರು ಮಾತು ದಪ್ಪಕ್ಷರದಲ್ಲಿ ಹಾಕಿ: ಟ್ರೆಟಿನಾಯಿನ್ ಹಚ್ಚಲು ವೈದ್ಯರ ಚೀಟಿ ಬೇಕು, ರಾತ್ರಿ ಮಾತ್ರ ಹಚ್ಚಬೇಕು, ಬಸುರಿಯರು ಮುಟ್ಟಬಾರದು. ಹೆಸರು ಬರೆದುಕೊಂಡು ಹೋದ ನೆರೆಮನೆಯವಳ ಸೊಸೆಗೆ ಈಗ ನಾಲ್ಕು ತಿಂಗಳು. ನಿಮ್ಮ ಪುರವಣಿ ಓದಿದ ಸಂಜೆ ನಾನೇ ಹೋಗಿ ಅವರ ಕಪಾಟಿನಿಂದ ಆ ಟ್ಯೂಬನ್ನು ತೆಗೆಸಿ ಬಂದೆ.

— ನಿವೃತ್ತ ಅಧ್ಯಾಪಿಕೆ, ಪೆರ್ಲ, ಕಾಸರಗೋಡು