ಪಿಎಚ್‌ಡಿ ಗೈಡ್ ನಿವೃತ್ತಿ ಯಾವಾಗ? ಪ್ರಕಟಣೆಯಲ್ಲೇ ತಿಳಿಸಿ

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ ಪಿಎಚ್‌ಡಿ ಪ್ರವೇಶದ ಪ್ರಕಟಣೆ ಬಂತೆಂದರೆ ನಮ್ಮ ಮನೆ ಕಟ್ಟೆಗೆ ಹಳೆಯ ವಿದ್ಯಾರ್ಥಿಗಳು ಬರಲು ಶುರು. ಈ ಸಲ ಮೊದಲು ಬಂದವಳು ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಇತಿಹಾಸದಲ್ಲಿ ಎಂ.ಎ. ಮುಗಿಸಿ, ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಪಿಎಚ್‌ಡಿ ಪ್ರವೇಶಕ್ಕಷ್ಟೇ ಅರ್ಹತೆ ಪಡೆದಿದ್ದಾಳೆ. ‘ಗೈಡ್ ಒಪ್ಪ್ಯಾರ್ರಿ ಸರ್, ಇನ್ನೇನ್ ಚಿಂತಿಲ್ಲ’ ಅಂದಳು. ಗೈಡ್ ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರು. ಅವರ ನಿವೃತ್ತಿ ಯಾವಾಗ ಎಂದು ಕೇಳಿದೆ. ಸುಮ್ಮನೆ ನನ್ನ ಮುಖ ನೋಡಿದಳು.

ಪೆಟ್ಟು ತಿಂದವನಾದ್ದರಿಂದ ಕೇಳಿದೆ. ನಾನು ಸಂಶೋಧನೆಯ ಮೂರನೇ ವರ್ಷದಲ್ಲಿದ್ದಾಗ ನನ್ನ ಗೈಡ್ ನಿವೃತ್ತರಾದರು. ನನ್ನ ಹೆಸರು ಇನ್ನೊಬ್ಬರ ಕೆಳಗೆ ಹೋಗಲು ಹನ್ನೊಂದು ತಿಂಗಳು ಹಿಡಿಯಿತು. ಕೆಳಗೆ ಕೇಳಿದರೆ ಕಡತ ಮೇಲಿದೆ, ಮೇಲೆ ಹೋದರೆ ಕೆಳಗೆ ಕಳಿಸಿದ್ದೇವೆ. ಹೊಸ ಗೈಡ್ ಪ್ರಬಂಧದ ಶೀರ್ಷಿಕೆಯಲ್ಲಿ ಎರಡು ಪದ ಬದಲಿಸಿದರು. ಆ ಎರಡು ಪದಕ್ಕೆ ಮತ್ತೊಂದು ಅರ್ಜಿ, ಮತ್ತೊಂದು ಚಲನ್.

ಈಗ ನಿಯಮವೇನೋ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಒಂದೇ ಹೊತ್ತಿಗೆ ಪ್ರಾಧ್ಯಾಪಕರ ಕೈಕೆಳಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು, ಅಷ್ಟೇ. ಕಾಯಂ ಅಧ್ಯಾಪಕರಷ್ಟೇ ಗೈಡ್ ಆಗಬಹುದು. ಕಾಯಂ ಹುದ್ದೆ ಖಾಲಿ ಬಿದ್ದ ವಿಭಾಗದಲ್ಲಿ ಸೀಟೂ ಇಲ್ಲ. ಹೀಗಿರುವಾಗ ‘ಒಪ್ಪ್ಯಾರ’ ಎಂಬ ಬಾಯಿಮಾತನ್ನು ನಂಬಿ ನಮ್ಮ ಮಕ್ಕಳು ಬೇರೆಲ್ಲೂ ಅರ್ಜಿ ಹಾಕದೆ ಕೂಡುತ್ತಾರೆ. ಪ್ರವೇಶದ ಮಟ್ಟಿಗೆ ಈ ಹುಡುಗಿಯ ನೆಟ್ ಅಂಕಕ್ಕೆ ಆಯುಷ್ಯ ಒಂದೇ ವರ್ಷ. ಸಂದರ್ಶನಕ್ಕೆ 30, ನೆಟ್‌ಗೆ 70ರ ತೂಕ ಕೊಟ್ಟು ಪಟ್ಟಿ ಮಾಡುವ ಹೊತ್ತಿಗೆ ಗೈಡ್ ಬಳಿ ಸೀಟಿಲ್ಲವೆಂದು ತಿಳಿದರೆ, ಮತ್ತೆ ಪರೀಕ್ಷೆ ಬರೆಯುವುದೇ ಗತಿ.

ಇನ್ನು ರೊಕ್ಕ. ನೆಟ್ ಮೂಲಕ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000 ರೂಪಾಯಿ. ಪಿಎಚ್‌ಡಿ ಸೇರಿದವರಿಗೆಲ್ಲ ಅದು ಸಿಗುತ್ತದೆಂದು ಊರಲ್ಲಿ ನಂಬಿಕೆ! ಪ್ರವೇಶಕ್ಕಷ್ಟೇ ಅರ್ಹತೆ ಪಡೆದ ಈ ಹುಡುಗಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಾದರೆ ನೆಟ್ ಇಲ್ಲದವರಿಗೂ 8,000 ಕೊಡುವ ಪದ್ಧತಿ ಇದೆ. ನಮ್ಮ ಭಾಗದ ರಾಜ್ಯ ವಿಶ್ವವಿದ್ಯಾಲಯಗಳಿಗೆ ಅದು ಅನ್ವಯಿಸದು. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಫೆಲೋಶಿಪ್‌ಗೆ ಅರ್ಜಿಯೂ ಬೇರೆ, ಗಡುವೂ ಬೇರೆ. ಅದು ಬರುವತನಕ ಕೈಯಿಂದಲೇ ನಡೆಸಬೇಕು.

ಅವಳ ವಿಷಯ 1876–78ರ ಬರಗಾಲದಲ್ಲಿ ಕಲಾದಗಿ ಜಿಲ್ಲೆಯ ನೇಕಾರರು. ಕಲಾದಗಿ ಇಲ್ಲೇ ಬಾಗಲಕೋಟೆ ಪಕ್ಕದ ಊರು, ಆಗ ಜಿಲ್ಲಾ ಕೇಂದ್ರ. ಆದರೆ ಕಾಗದಪತ್ರ ಇರುವುದು ಕಲಾದಗಿಯಲ್ಲಲ್ಲ. 1956ರತನಕ ಕಲಾದಗಿ ಸೀಮೆ ಮುಂಬೈ ಆಡಳಿತದ ಕೆಳಗಿತ್ತು, ಹಾಗಾಗಿ ಆ ಕಾಲದ ಕಂದಾಯ ಕಡತಗಳಿಗೆ ಮುಂಬೈ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರಕ್ಕೇ ಹೋಗಬೇಕು. ನಾನೂ ಅಲ್ಲಿ ಕೂತವನೇ. ಮುಟ್ಟಿದರೆ ಪುಡಿಯಾಗುವ ಹಾಳೆ, ಬೆರಳಿಗೆ ಅಂಟುವ ಕಂದು ಧೂಳು, ಪೆನ್ಸಿಲಿನಲ್ಲಿ ನಕಲು. ದಿನಕ್ಕೆ ಐದಾರು ಪುಟ ಸಾಗಿದರೆ ಹಬ್ಬ. ಹೆಣ್ಣುಮಕ್ಕಳಿಗೆ ‘ಶಕ್ತಿ’ಯ ಪುಕ್ಕಟೆ ಬಸ್ಸು ರಾಜ್ಯದೊಳಗಷ್ಟೇ, ನಿಪ್ಪಾಣಿ ದಾಟಿದರೆ ಟಿಕೆಟ್. ಮುಂಬೈಯಲ್ಲಿ ತಿಂಗಳೊಪ್ಪತ್ತು ಉಳಿಯುವ ಖರ್ಚು ಎಲ್ಲಿಂದ ತರಬೇಕೆಂದು ಗೈಡ್ ಅವಳಿಗೆ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಅರ್ಜಿ ಹಾಕುವವರಿಗೆ ನನ್ನದೊಂದು ಮಾತು. ಗೈಡ್ ಬಳಿ ಈಗಾಗಲೇ ಇರುವ ಸಂಶೋಧಕರೊಬ್ಬರನ್ನು ಚಹಾಕ್ಕೆ ಕರೆಯಿರಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಮರಳಿ ಬರುತ್ತದೆ, ಬಂದಾಗ ಅದರ ಮೇಲೆ ಗೀಟು ಬಿದ್ದಿರುತ್ತದೋ ಬರೀ ಸಹಿಯೋ ಎಂದು ವಿಚಾರಿಸಿ. ಗೈಡ್‌ರ ಪ್ರಕಟಿತ ಲೇಖನಗಳ ಉದ್ದನೆಯ ಪಟ್ಟಿಗಿಂತ ನನಗೆ ಆ ಉತ್ತರವೇ ದೊಡ್ಡದು.

ಉಳಿದಿದ್ದು ವಿಶ್ವವಿದ್ಯಾಲಯಗಳ ಕೆಲಸ. ಈಗ ಪ್ರಕಟಣೆಯಲ್ಲಿ ವಿಷಯವಾರು ಸೀಟು, ಶುಲ್ಕ, ಕೊನೆಯ ದಿನಾಂಕ ಇರುತ್ತವೆ. ಅದರ ಜೊತೆ ಪ್ರತಿ ಗೈಡ್‌ನ ಹೆಸರಿನ ಮುಂದೆ ಖಾಲಿ ಸೀಟು ಎಷ್ಟು, ನಿವೃತ್ತಿ ಯಾವ ತಿಂಗಳು, ಫೆಲೋಶಿಪ್ ಇಲ್ಲದವರಿಗೆ ವಿಶ್ವವಿದ್ಯಾಲಯ ಏನು ಕೊಡುತ್ತದೆ, ಇಷ್ಟನ್ನು ಸೇರಿಸಲಿ. ಏನೂ ಕೊಡುವುದಿಲ್ಲವಾದರೆ ‘ಇಲ್ಲ’ ಎಂದೇ ಅಚ್ಚು ಹಾಕಲಿ, ತಪ್ಪೇನಿಲ್ಲ. ನಿವೃತ್ತಿಯ ದಿನಾಂಕ ಸೇವಾ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಹುಡುಕಲು ಯಾರೂ ಮುಂಬೈಗೆ ಹೋಗಬೇಕಿಲ್ಲ.

ಹುಡುಗಿ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳಿದ್ದು ಇಷ್ಟೇ: ‘ಗೈಡ್‌ಗೆ ನಿಮ್ಮ ವಯಸ್ಸೆಷ್ಟ್ರಿ ಅಂತ ನಾ ಹ್ಯಾಂಗ್ ಕೇಳ್ಲಿ ಸರ್?’

– ಇತಿಹಾಸ ಉಪನ್ಯಾಸಕ, ಜಮಖಂಡಿ, ಬಾಗಲಕೋಟೆ ಜಿಲ್ಲೆ