ಆ ಐವತ್ತು ತೋಟೆಗಳ ಬಗ್ಗೆ

ಚಿರಂಜೀವಿ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಮಂಗಳವಾರ ಕೈಸೇರಿತು. ಇಲ್ಲಿನ ಮಳೆ, ಕಾಫಿಯ ಧಾರಣೆ, ಆನೆಗಳ ಕಾಟ, ನಿನ್ನ ಅವ್ವನ ಮಂಡಿನೋವು ಎಲ್ಲವೂ ಪ್ರತಿ ಭಾನುವಾರ ನಿನಗೆ ಫೋನಿನಲ್ಲಿ ಸಿಗುತ್ತವೆ. ಅದಕ್ಕೆ ಕಾಗದ ಖರ್ಚು ಮಾಡುವುದಿಲ್ಲ.

ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ಆ ಹೊಸ ಕೋಣೆಯ ವಿಷಯವೇ. ಹಳೆಯ ಬಾಗಿಲಿನ ಹಲಗೆಯನ್ನು ಮೇಜು ಮಾಡಿದ್ದು, ಅದರ ಮೇಲೆ ಬಂದೂಕಿನ ತೋಟೆಗೆ ಮದ್ದು, ಗುಂಡು ತುಂಬುವ ಪ್ರೆಸ್ ಕೂರಿಸಿದ್ದು, ಗೋಡೆಗೆ ನಮ್ಮ ಹಿರಿಯರ ಐನ್‌ಮನೆಯ ಚಿತ್ರ ತೂಗುಹಾಕಿದ್ದು, ಎಲ್ಲ ಓದಿದೆ. ಓದುತ್ತಾ ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೂರನೆಯ ಪುಟದ ಅಡಿಯಲ್ಲಿ ನೀನು ಬರೆದ ಒಂದು ಮಾತು ನನ್ನ ಎರಡು ರಾತ್ರಿಯ ನಿದ್ದೆ ತಿಂದಿದೆ. ಮಗು ಅತ್ತಿತೆಂದು ನಡುವೆ ಎದ್ದು ಹೋದೆ, ಬಂದು ಕೂತವನು ಪ್ರೆಸ್ಸಿನ ತಟ್ಟೆಯನ್ನು ತಿರುಗಿಸದೆ ಹಿಡಿಯನ್ನು ಮತ್ತೊಮ್ಮೆ ಎಳೆದೆನೋ ಏನೋ, ಒಂದು ತೋಟೆಗೆ ಎರಡು ಸಲ ಮದ್ದು ಬಿತ್ತೇನೋ ಎಂದು ಸಣ್ಣ ಅನುಮಾನ, ಇರಲಿ, ಐವತ್ತರಲ್ಲಿ ಒಂದು ತಾನೇ ಎಂದು ಬರೆದಿದ್ದೀಯೆ. ಮುಂದಿನ ಸಾಲಿನಲ್ಲೇ ಮೇಜಿನ ಎತ್ತರ ಎಷ್ಟಿರಬೇಕು ಎಂದು ಕೇಳಿದ್ದೀಯೆ.

ಆ ಐವತ್ತು ಈಗ ಎಲ್ಲಿವೆ?

ಇದನ್ನೇ ಫೋನಿನಲ್ಲಿ ಕೇಳಬಹುದಿತ್ತು. ಕೇಳಿದರೆ ನೀನು ನಗುತ್ತೀಯೆ, ನಾನೂ ನಗಬೇಕಾಗುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೇಜಿನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ನಿಂತು ಕೆಲಸ ಮಾಡುವವನಾದರೆ ಮೊಣಕೈ ಮಟ್ಟಕ್ಕೆ ಇರಲಿ. ಹಿಡಿ ಎಳೆದಾಗ ಮೇಜು ಒಂದು ನೂಲಿನಷ್ಟೂ ಅಲುಗಬಾರದು, ಅಲುಗಿದರೆ ಮದ್ದಿನ ಅಳತೆ ತಪ್ಪುತ್ತದೆ. ನಿನ್ನ ಮನೆಯ ಗೋಡೆ ಮರದ ಕಂಬಗಳ ಮೇಲೆ ಹಲಗೆ ಹೊಡೆದದ್ದು, ಆದ್ದರಿಂದ ಕಂಬ ಎಲ್ಲಿದೆಯೋ ನೋಡಿ ಅಲ್ಲಿಗೇ ಬೋಲ್ಟ್ ಹಾಕು. ಬೀಟೆಯ ಹಲಗೆ ಕಳಿಸಲೇ ಎಂದು ನಿನ್ನ ಅವ್ವ ಕೇಳುತ್ತಿದ್ದಾಳೆ. ಹ್ಯೂಸ್ಟನ್‌ಗೆ ಬೀಟೆ ಹಲಗೆ ಕಳಿಸುವ ಬುದ್ಧಿ ಅವಳೊಬ್ಬಳಿಗೇ ಬರುವುದು.

ಈಗ ಆ ಐವತ್ತರ ವಿಷಯ. ನೀನು ತುಂಬುತ್ತಿರುವುದು ಮೂವತ್ತೆಂಟರ (.38) ರಿವಾಲ್ವರಿನ ತೋಟೆ. ಅದು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕರಿಮದ್ದಿನ ಕಾಲದ ಅಳತೆಗೆ. ಕರಿಮದ್ದು ಜಾಗ ಹೆಚ್ಚು ಕೇಳುತ್ತದೆ, ಅದಕ್ಕೇ ತೋಟೆ ಅಷ್ಟು ಉದ್ದ. ಈಗಿನ ಹೊಗೆಯಿಲ್ಲದ ಮದ್ದು ಹಾಗಲ್ಲ. ಕೆಲವೇ ಗ್ರೇನ್ ಹಾಕಿದರೆ ತಳದಲ್ಲಿ ಚಿಟಿಕೆಯಷ್ಟು ಕಾಣುತ್ತದೆ, ಮೇಲೆಲ್ಲ ಖಾಲಿ. ಎರಡು ಪಟ್ಟು ಬಿದ್ದರೂ ಬಾಯಿ ತುಂಬುವುದಿಲ್ಲ, ಹೊರಗೆ ಚೆಲ್ಲುವುದಿಲ್ಲ. ಗುಂಡು ಒಳ್ಳೆಯ ಹುಡುಗನಂತೆ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಐವತ್ತನ್ನೂ ಸಾಲಾಗಿ ನಿಲ್ಲಿಸಿದರೆ ಯಾವ ದೇವರಿಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ.

ತೂಗಿ ನೋಡುತ್ತೇನೆ ಎಂದು ನೀನು ಹೇಳಬಹುದು. ನಾನೂ ಹಾಗೆಯೇ ಯೋಚಿಸಿದೆ. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ, ಅಕ್ಕಸಾಲಿಯ ಅರ್ಧ ಗುಲಗಂಜಿಗಿಂತ ಚೂರೇ ಹೆಚ್ಚು. ಬೇರೆ ಬೇರೆ ಕಂಪನಿಯ ತೋಟೆಗಳ ಹಿತ್ತಾಳೆ ಕೊಳವೆಗಳ ತೂಕದಲ್ಲೇ ಅದಕ್ಕಿಂತ ಹೆಚ್ಚು ಏರುಪೇರು ಇರುತ್ತದೆ, ಗುಂಡುಗಳಲ್ಲೂ ಇರುತ್ತದೆ. ತಕ್ಕಡಿ ಏನೋ ಒಂದು ಹೇಳುತ್ತದೆ, ನೀನು ನಂಬುತ್ತೀಯೆ. ಅದಕ್ಕಿಂತ ತೂಗದಿರುವುದೇ ವಾಸಿ.

ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ಈಎಂಇ ದಳದಲ್ಲಿ ಬಂದೂಕು ರಿಪೇರಿಯ ಆರ್ಮರರ್ ಆಗಿ ನಾನು ಕಳೆದ 22 ವರ್ಷಗಳ ಕಥೆ ನಿನಗೆ ಬೇಸರ ಬರುವಷ್ಟು ಕೇಳಿದ್ದೀಯೆ, ಮತ್ತೆ ಬೇಡ. ಒಂದೇ ಒಂದು ಹೇಳುತ್ತೇನೆ. ನಮ್ಮ ಕೈಗೆ ಬರುತ್ತಿದ್ದ ಪ್ರತಿ ಬಂದೂಕನ್ನೂ ಅದನ್ನು ತಂದವನೇ ಆಗಷ್ಟೇ ಖಾಲಿ ಮಾಡಿ ತೋರಿಸಿರುತ್ತಿದ್ದ. ಆದರೂ ‘ಖಾಲಿ ಕರ್’ ಎಂದು ಮತ್ತೆ ಹೇಳಿಸಿ, ಮತ್ತೆ ತೆರೆಸಿ, ಕತ್ತಲಾಗಿದ್ದರೆ ಕಿರುಬೆರಳು ಒಳಗೆ ಹಾಕಿ ಮುಟ್ಟಿ ನೋಡುತ್ತಿದ್ದೆವು. ಹೊಸದಾಗಿ ಬಂದ ಹುಡುಗರು ಮುಸಿಮುಸಿ ನಗುತ್ತಿದ್ದರು. ನಾನು ಮಾತ್ರ ಮೊದಲ ದಿನವೂ ನಗಲಿಲ್ಲ. ಯಾಕೆಂದು ಸಿಕಂದರಾಬಾದಿನಲ್ಲಿ ಯಾರೂ ಕೇಳಲಿಲ್ಲ. ಮನೆಯಲ್ಲೂ ಯಾರೂ ಕೇಳಿಲ್ಲ.

ನಿನ್ನ ಚಿಕ್ಕ ಮಾವನ ಎಡಗೈಯ ಕಥೆ ನಿನಗೆ ಗೊತ್ತು. 1967ರ ಕೈಲ್‌ಪೊಳ್ದ್, ನಮ್ಮ ಕೊಡವರ ಆಯುಧಪೂಜೆಯ ಹಬ್ಬ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ನಳಿಗೆ ಸಿಡಿದದ್ದು, ಜೀಪಿನಲ್ಲಿ ಮಡಿಕೇರಿಗೆ ಒಯ್ದದ್ದು. ಅದನ್ನೆಲ್ಲ ಬಿಡುತ್ತೇನೆ. ಅದರ ಹಿಂದಿನ ರಾತ್ರಿಯದು ನಿನಗೆ ಗೊತ್ತಿಲ್ಲ. ನಿನ್ನ ಅವ್ವನಿಗೂ ಗೊತ್ತಿಲ್ಲ.

ಆ ರಾತ್ರಿ ಗದ್ದೆಗೆ ಹಂದಿ ಇಳಿದಿದೆ ಎಂದು ನಾನು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ತೆಗೆದುಕೊಂಡು ಅಟ್ಟಣೆ ಹತ್ತಿದ್ದೆ. ನನಗೆ ಹದಿನೇಳು. ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮೇಲೆ ಮತ್ತೆ ನಾರು ಗಿಡಿದು ಈಡು ತುಂಬಿದ್ದೆ. ಹಂದಿ ಬರಲಿಲ್ಲ, ಮಳೆ ಬಂತು. ಮನೆಗೆ ಬಂದಾಗ ಅಜ್ಜಿಗೆ ಜ್ವರ, ಆಗಷ್ಟೇ ನಿದ್ದೆ ಹತ್ತಿತ್ತು. ಅಂಗಳದಲ್ಲಿ ಈಡು ಹಾರಿಸಿ ಖಾಲಿ ಮಾಡುವಂತಿರಲಿಲ್ಲ. ಈಡು ಗಿಡಿಯುವ ಸಲಾಕೆ, ಗಜದ ತುದಿಗೆ ತಿರುಪು ಸಿಕ್ಕಿಸಿ ಮೇಲಿನ ನಾರನ್ನು ಎಳೆದದ್ದು ನೆನಪಿದೆ, ನಾರಿನ ಒದ್ದೆ ವಾಸನೆ ಈಗಲೂ ಮೂಗಿನಲ್ಲಿದೆ. ಚರೆ ಬಿತ್ತೇ? ಕೆಳಗಿನ ನಾರು ಬಂತೇ? ಮದ್ದು ಸುರಿದೆನೇ? ಅಷ್ಟರಲ್ಲಿ ಯಾರೋ ಒಳಗಿನಿಂದ ಕರೆದರು. ಹೋದೆ, ಬಂದೆ, ಕೋವಿಯನ್ನು ಗೋಡೆಗೆ ತೂಗುಹಾಕಿ ಮಲಗಿದೆ.

ಎದ್ದು ಹೋಗಿ ಬಂದೆ ಎಂಬ ನಿನ್ನ ಮಾತು ಓದಿದಾಗ ನನಗೆ ಹೇಗಾಗಿರಬೇಡ ನೋಡು.

ಬೆಳಿಗ್ಗೆ ಕೋವಿಗಳನ್ನೆಲ್ಲ ಒರೆಸಿ, ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸಿ, ದೇವರ ಮುಂದಿಟ್ಟು, ಅಕ್ಕಿಯ ಕಡಂಬುಟ್ಟು ತಿಂದು ಮೈದಾನಕ್ಕೆ ಹೋದೆವು. ತಮ್ಮನಿಗೆ ಹದಿನೈದು. ಅವನ ಸರದಿ ಬಂದಾಗ ಅದೇ ಕೋವಿ ಎತ್ತಿಕೊಂಡ, ಮದ್ದು ಸುರಿಯತೊಡಗಿದ. ನಾನು ಐದು ಮಾರು ದೂರದಲ್ಲಿದ್ದೆ. ಆ ಕ್ಷಣ ನನಗೆ ಆ ಅನುಮಾನ ಬಂತು. ಸಣ್ಣ ಅನುಮಾನ, ನಿನ್ನದರಷ್ಟೇ ಸಣ್ಣದು. ನಮ್ಮ ಮನೆಯಲ್ಲಿ ಈಡು ತುಂಬುವ ಮೊದಲು ಗಜ ಇಳಿಸಿ, ಅದು ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ನಿಲ್ಲುತ್ತದೆಂದು ನೋಡುವ ಪದ್ಧತಿ ಇತ್ತು. ಖಾಲಿ ಕೋವಿಗೆ ಒಂದು ಅಳತೆ, ಈಡು ಇದ್ದರೆ ಇನ್ನೊಂದು. ಕೂಗಾಟದ ಗಡಿಬಿಡಿಯಲ್ಲಿ ಅವನು ಅದನ್ನು ಬಿಟ್ಟ. ತಮ್ಮಾ, ಒಮ್ಮೆ ಗಜ ಇಳಿಸಿ ನೋಡು ಎನ್ನಲು ನನಗೆ ಎಷ್ಟು ಉಸಿರು ಬೇಕಿತ್ತು? ಅಪ್ಪ ಇದ್ದರು, ಊರಿನವರಿದ್ದರು. ಈಡು ತುಂಬಿದ ಕೋವಿಯನ್ನು ಗೋಡೆಗೆ ನೇತುಹಾಕಿದವನು ಎನ್ನಿಸಿಕೊಳ್ಳಬೇಕಲ್ಲ ಎಂದು ನಾಚಿಕೆಯಾಯಿತು. ತೆಗೆದಿರುತ್ತೇನೆ ಬಿಡು ಎಂದುಕೊಂಡೆ. ಅವನು ಕೋವಿಯ ಕುದುರೆ ಎಳೆದು ಕೇಪು ಕೂರಿಸಿದ.

ಮುಂದಿನದು ನಿನಗೆ ಗೊತ್ತು ಎಂದೆನಲ್ಲ.

ನಳಿಗೆ ತುಕ್ಕು ಹಿಡಿದಿತ್ತು ಎಂದು ಎಲ್ಲರೂ ತೀರ್ಮಾನಿಸಿದರು. ಆ ವರ್ಷ ಬೇಸಿಗೆಯಲ್ಲಿ ಅದಕ್ಕೆ ಬೆಸುಗೆ ಹಾಕಿಕೊಟ್ಟಿದ್ದ ಆಚಾರಿಯ ತಲೆಗೆ ಅಪವಾದ ಬಂತು. ಆಮೇಲೆ ಅವನ ಹತ್ತಿರ ಕೋವಿ ರಿಪೇರಿಗೆ ಯಾರೂ ಹೋಗಲಿಲ್ಲ. ಕತ್ತಿ, ಗುದ್ದಲಿ ತಟ್ಟಿಕೊಂಡೇ ಉಳಿದ ಕಾಲ ಕಳೆದ. ರಜೆಗೆ ಬಂದಾಗಲೆಲ್ಲ ಅವನ ಕುಲುಮೆಯ ಮುಂದಿನ ದಾರಿ ಬಿಟ್ಟು ತೋಟದೊಳಗಿನಿಂದ ಸುತ್ತಿ ಹೋಗುತ್ತಿದ್ದೆ. ಈಗ ಅವನಿಲ್ಲ. ಮದ್ದು ಎರಡು ಸಲ ಬಿದ್ದಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಬಿದ್ದಿರಲಿಲ್ಲ ಎಂದೂ ಹೇಳಲಾರೆ. ಐವತ್ತೆಂಟು ವರ್ಷದಿಂದ ಅಲ್ಲೇ ನಿಂತಿದ್ದೇನೆ.

ನಮ್ಮ ರಕ್ತದಲ್ಲೇ ಕೋವಿ ಇದೆಯಲ್ಲ ಮಾವ ಎಂದು ನೀನು ತಮಾಷೆಗೆ ಬರೆದಿದ್ದೀಯೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೋವಿ ಇಟ್ಟುಕೊಳ್ಳಲು ನಮಗೆ ವಿನಾಯಿತಿ ಕೊಟ್ಟ, 2019ರಲ್ಲಿ ದೆಹಲಿಯವರು ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು, ಒಳ್ಳೆಯದು. ವಿನಾಯಿತಿ ಕೊಟ್ಟದ್ದು ಸರ್ಕಾರ, ನಳಿಗೆಯಲ್ಲ. ಕೋಪ ಬಂದು ಹೀಗೆ ಬರೆದೆ, ಬೇಸರ ಮಾಡಿಕೊಳ್ಳಬೇಡ.

ನಿನಗೆ ಹೇಳುವುದೇನೆಂದರೆ ಆ ಐವತ್ತನ್ನೂ ಬಿಚ್ಚು. ಒಂದಲ್ಲ, ಅನುಮಾನ ಬಂದ ಸುತ್ತಿನ ನಾಲ್ಕೈದಲ್ಲ, ಐವತ್ತನ್ನೂ. ಗುಂಡು ಕೀಳಲು ಸುತ್ತಿಗೆಯಂಥ ಒಂದು ಸಾಧನ ಬರುತ್ತದಲ್ಲ, ಅದು ನಿನ್ನ ಹತ್ತಿರ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳು, ಆಮೇಲೆ ಉಳಿದ ಸಾಮಾನು. ಒಂದು ಸಂಜೆ ಹಾಳಾಗುತ್ತದೆ, ಆಗಲಿ.

ಇನ್ನು ಕೆಲವು ಚೂರುಪಾರು ಮಾತು. ನಿನಗೆ ಗೊತ್ತಿರುತ್ತದೆ, ಆದರೂ ಮುದುಕನ ಕೈ ಬರೆದೇ ಬರೆಯುತ್ತದೆ. ಒಮ್ಮೆಗೇ ಐದು ಕೆಲಸ ಮಾಡುವ ಆ ಪ್ರೆಸ್ಸನ್ನು ಒಂದು ವರ್ಷ ಬಟ್ಟೆ ಮುಚ್ಚಿ ಇಡು. ಒಂದೊಂದೇ ಕೆಲಸ ಮಾಡುವ ಸಾದಾ ಪ್ರೆಸ್ಸಿನಲ್ಲಿ ಮಾಡು. ಕೊಳವೆಗಳನ್ನು ಗುಳಿಯಿರುವ ಮರದ ಹಲಗೆಯಲ್ಲಿ ತಲೆಕೆಳಗಾಗಿ ನಿಲ್ಲಿಸು, ಮದ್ದು ಬಿದ್ದದ್ದನ್ನು ಮಾತ್ರ ಬಾಯಿ ಮೇಲೆ ಮಾಡು. ಐವತ್ತೂ ಆದ ಮೇಲೆ, ಗುಂಡು ಕೂರಿಸುವ ಮುಂಚೆ, ಟಾರ್ಚ್ ಹಿಡಿದು ಒಂದೊಂದರ ಒಳಗೂ ಇಣುಕು. ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕೆ ಇರಬೇಕು. ನಾವು ಗಜ ಇಳಿಸಿ ಬೆರಳು ಎಣಿಸುತ್ತಿದ್ದದ್ದೂ ಇದನ್ನೇ. ಒಂದರಲ್ಲಿ ಮದ್ದೇ ಇಲ್ಲದಿದ್ದರೂ ಕಷ್ಟವೇ. ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಇದೆಯಲ್ಲ, ಬರೀ ಅದರ ಬಲಕ್ಕೆ ಗುಂಡು ಹೋಗಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಇನ್ನೊಂದು ಬಂದು ಅದಕ್ಕೆ ಗುದ್ದುತ್ತದೆ. ಎಂದಾದರೂ ಶಬ್ದ ಸಪ್ಪೆಯಾಗಿ ಕೇಳಿಸಿದರೆ ಅಲ್ಲೇ ನಿಲ್ಲಿಸು. ಇನ್ನೊಂದು, ಎರಡು ಪಟ್ಟು ಬಿದ್ದರೆ ಬಾಯಿ ಮೀರಿ ಚೆಲ್ಲುವಂಥ ಹಗುರ ಮದ್ದುಗಳೂ ಸಿಗುತ್ತವೆ, ನಿನ್ನ ಕೈಪಿಡಿಯಲ್ಲಿ ನೋಡಿ ಅಂಥದನ್ನೇ ಆರಿಸಿಕೋ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇರಲಿ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಅದೇ ಡಬ್ಬಕ್ಕೆ ಸುರಿ, ಅಳತೆಯ ಕೊಳವೆಯಲ್ಲಿ ಬಿಡಬೇಡ, ಬೆಳಿಗ್ಗೆ ಅದು ಯಾವ ಮದ್ದೆಂದು ಮತ್ತೆ ಅನುಮಾನ. ಮದ್ದಿನ ಡಬ್ಬಗಳನ್ನು ಕಬ್ಬಿಣದ ತಿಜೋರಿಯಲ್ಲಿ ಇಡಬೇಡ. ಬಯಲಲ್ಲಿ ಭುಸ್ಸೆಂದು ಉರಿದುಹೋಗುವ ಮದ್ದು ಬಿಗಿ ಪೆಟ್ಟಿಗೆಯಲ್ಲಿ ಬಾಂಬ್ ಆಗುತ್ತದೆ, ಮರದ ಕಪಾಟು ಸಾಕು. ಚೆಲ್ಲಿದ್ದನ್ನು ಪೊರಕೆಯಲ್ಲಿ ಗುಡಿಸು, ವ್ಯಾಕ್ಯೂಮ್ ಕ್ಲೀನರ್ ಬೇಡ. ಪ್ರೈಮರುಗಳು ಅವುಗಳ ಪೆಟ್ಟಿಗೆಯಲ್ಲೇ ಇರಲಿ. ಗಾಜಿನ ಬಾಟಲಿಯಲ್ಲಿ ತುಂಬಿಟ್ಟಿದ್ದ ಒಬ್ಬನನ್ನು ನೋಡಿ ಬೈದಿದ್ದೇನೆ, ನಿನಗೆ ಬೈಯುವ ಹಾಗೆ ಮಾಡಬೇಡ.

ಕುಂಞಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಚಿತ್ರ ಚೆನ್ನಾಗಿದೆ, ಆದರೆ ಆ ಕೋಣೆಯಲ್ಲಿ ಬೇಡ. ಗುಂಡಿನಲ್ಲಿ ಸೀಸ, ಪ್ರೈಮರಿನಲ್ಲಿ ಸೀಸ, ಬಳಸಿದ ಕೊಳವೆ ಉಜ್ಜುವಾಗ ಏಳುವ ಧೂಳಿನಲ್ಲಿ ಸೀಸ. ಮೈಸೂರಿನಲ್ಲಿ ಡಾಕ್ಟರ್ ಆಗಿರುವ ನನ್ನ ಮಗಳನ್ನು ಕೇಳಿದೆ. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದ್ದರೆ ಎಚ್ಚರ ವಹಿಸಬೇಕು ಎಂಬ ಮಟ್ಟವನ್ನು ನಿಮ್ಮ ದೇಶದವರೇ 2021ರಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿದ್ದಾರಂತೆ. ಕೈ ತೊಳೆದು, ಅಂಗಿ ಬದಲಾಯಿಸಿ, ಆಮೇಲೆ ಮಗುವನ್ನು ಎತ್ತಿಕೋ. ಬಾಗಿಲಿಗೆ ಚಿಲಕ ಹಾಕಿಸು, ಅವನ ಕೈಗೆ ಎಟುಕದಷ್ಟು ಮೇಲೆ.

ಮಗು ಅತ್ತರೆ ಏನು ಮಾಡುವುದು ಎಂದು ಕೇಳಬಹುದು. ಹೋಗು, ಹೋಗದೆ ಇರಲು ಆಗುತ್ತದೆಯೇ. ಹೋಗುವ ಮುಂಚೆ ಕೈಯಲ್ಲಿರುವ ಕೊಳವೆಯ ಮದ್ದನ್ನು ಡಬ್ಬಕ್ಕೆ ಸುರಿದು ಹೋಗು, ಪುರುಸೊತ್ತಾಗದಿದ್ದರೆ ಬಂದ ಮೇಲೆ ಹಲಗೆಯಲ್ಲಿದ್ದ ಎಲ್ಲವನ್ನೂ ಸುರಿದು ಮೊದಲಿನಿಂದ ಮಾಡು. ರಾತ್ರಿ ಹನ್ನೊಂದರ ಮೇಲೆ ಕೂರುವುದನ್ನೇ ಬಿಡು ಎಂದು ಹೇಳಬೇಕೆಂದಿದ್ದೆ. ನಿನಗೆ ಸಿಗುವುದು ಆ ಹೊತ್ತೇ ಎಂದು ತಿಳಿದು ಸುಮ್ಮನಾಗಿದ್ದೇನೆ.

ಬಿಚ್ಚಿದ ಮದ್ದನ್ನು ಮತ್ತೆ ಬಳಸಬೇಡ, ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಎರಚು, ಗೊಬ್ಬರವಾಗುತ್ತದೆ. ಬಿಚ್ಚುವಾಗ ಒಂದೊಂದರದ್ದನ್ನೂ ಬೇರೆ ಬೇರೆ ತೂಗಿ ಬರೆದುಕೋ. ಎರಡು ಪಟ್ಟಿನದು ಸಿಕ್ಕಿದರೆ ನನಗೆ ಬರೆ. ಸಿಗದಿದ್ದರೂ ಬರೆ. ಐವತ್ತೂ ಸರಿಯಾಗಿದ್ದವು, ಮಾವ ಸುಮ್ಮನೆ ಹೆದರಿಸಿದರು ಎಂದು ನಕ್ಕರೂ ಚಿಂತೆಯಿಲ್ಲ. ನಿನಗಾದರೂ ಅದು ಗೊತ್ತಾಗಿರುತ್ತದೆ.

ಇದನ್ನು ಬರೆಯುತ್ತಿರುವಾಗ ನಿನ್ನ ಚಿಕ್ಕ ಮಾವ ಬಂದು ಜಗುಲಿಯಲ್ಲಿ ಕೂತಿದ್ದಾನೆ. ಕಾಫಿಯ ಲೋಟವನ್ನು ಎಡಗೈಯ ಎರಡು ಬೆರಳಿನಲ್ಲಿ ಒತ್ತಿ ಹಿಡಿದುಕೊಂಡಿದ್ದಾನೆ, ಅದು ಅವನ ರೂಢಿ. ಯಾರಿಗೆ ಇಷ್ಟುದ್ದ ಎಂದು ಕೇಳಿದ. ನಿನಗೆ ಎಂದೆ. ಅವನು ತಲೆಯಾಡಿಸಿ ಮಳೆಯ ಕಡೆ ನೋಡುತ್ತಾ ಕೂತ. ಓದಿ ಹೇಳಲೇ ಎಂದು ಕೇಳಬೇಕೆಂದು ಪೆನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ.

ಅಂಚೆಯವನು ನಾಳೆ ಹನ್ನೊಂದಕ್ಕೆ ಬರುತ್ತಾನೆ. ಅಷ್ಟರವರೆಗೆ ಲಕೋಟೆಗೆ ಅಂಟು ಹಾಕುವುದಿಲ್ಲ.

ಇಂತಿ ನಿನ್ನ ಮಾವ